ಎಂಬೆಡೆಡ್ ಲಿನಕ್ಸ್‌ನಲ್ಲಿ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬಾಯಿ ಬಿಡದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ ಮೀಟರ್, ನೀರಿನ ಹರಿವಿನ ಮಾಪಕ, ತೂಕದ ಯಂತ್ರ, ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ನಿಯಂತ್ರಕ) ಇವೆಲ್ಲ ಇಂದಿಗೂ ಬಿಟ್‌ಗಳನ್ನು ಒಂದರ ಹಿಂದೊಂದು ಸಾಗಿಸುವ ಸೀರಿಯಲ್ ತಂತಿಯ ಮೇಲೆಯೇ ಮಾತನಾಡುತ್ತವೆ. ಅವುಗಳ ಪಕ್ಕದಲ್ಲಿ ಅಂಗೈಯಗಲದ ಒಂದು ಲಿನಕ್ಸ್ ಬೋರ್ಡ್ ಇಟ್ಟು, ನಡುವೆ ಆ ತಂತಿಯನ್ನು ಯುಎಸ್‌ಬಿಗೆ ಹೊಂದಿಸುವ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಸಿಕ್ಕಿಸಿ, ಅಂಕಿಅಂಶ ಓದಿಸುವುದು ನನ್ನ ಹೊಟ್ಟೆಪಾಡು. ಜೊತೆಗೆ ಕೆಲಸ ಮಾಡುವ ಹುಡುಗರು ವರ್ಷವಿಡೀ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಹೆಚ್ಚಿನವರು ಮೊದಲು ಬೈಯುವುದು ಡ್ರೈವರನ್ನು, ಅಂದರೆ ಸಾಧನವನ್ನು ಲಿನಕ್ಸ್‌ಗೆ ಹೊಂದಿಸುವ ತಂತ್ರಾಂಶವನ್ನು. ನಾನು ಕಂಡಂತೆ ಡ್ರೈವರ್ ಪಾಪದ ಪ್ರಾಣಿ. ತಪ್ಪು ಬಹುತೇಕ ತಂತಿಯಲ್ಲೋ, ಪೋರ್ಟನ್ನು ಇನ್ನೊಬ್ಬರು ಹಿಡಿದುಕೊಂಡಿರುವುದರಲ್ಲೋ ಇರುತ್ತದೆ.

ಆಜ್ಞೆಗಳು ಮತ್ತು ಕಡತಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರಿ.

ಅಡಾಪ್ಟರ್ ಸಿಕ್ಕಿಸಿದೆ, ಏನೂ ಆಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ಅಡಾಪ್ಟರನ್ನು ಹೊರಗೆಳೆಯಿರಿ. ಟರ್ಮಿನಲ್‌ನಲ್ಲಿ, ಕರ್ನೆಲ್ (ಲಿನಕ್ಸ್‌ನ ತಿರುಳು) ಬರೆಯುವ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಆಜ್ಞೆಯನ್ನು ಡಬ್ಲ್ಯು ಆಯ್ಕೆಯೊಡನೆ ಕೊಟ್ಟು ಓಡಲು ಬಿಡಿ. ಚಿಕ್ಕ ಬೋರ್ಡ್‌ಗಳಲ್ಲಿರುವ ಪುಟಾಣಿ ಆಜ್ಞೆಗಳ ಕಟ್ಟಾದ ಬ್ಯುಸಿಬಾಕ್ಸ್‌ನ ಡಿಎಂಇಎಸ್‌ಜಿಗೆ ಆ ಆಯ್ಕೆ ಇಲ್ಲದಿದ್ದರೆ ಸಿಕ್ಕಿಸಿದ ಮೇಲೆ ಕೊನೆಯ ಇಪ್ಪತ್ತು ಸಾಲು ನೋಡಿದರೂ ಆಯಿತು. ಈಗ ಅಡಾಪ್ಟರನ್ನು ಮತ್ತೆ ಸಿಕ್ಕಿಸಿ.

ಎಲ್ಲ ಸರಿಯಿದ್ದರೆ ಸಾಲುಗಳು ಒಂದು ಕ್ರಮದಲ್ಲಿ ಬರುತ್ತವೆ. ಮೊದಲು ಹೊಸ ಫುಲ್-ಸ್ಪೀಡ್ ಸಾಧನ ಸಿಕ್ಕಿತೆಂಬ ಸಾಲು. ಅದರ ಕೆಳಗೆ ತಯಾರಕರ ಸಂಖ್ಯೆ ಮತ್ತು ಉತ್ಪನ್ನದ ಸಂಖ್ಯೆ. ನಂತರ ಒಂದು ಡ್ರೈವರ್ ಮುಂದೆ ಬಂದು ‘ಕನ್ವರ್ಟರ್ ಪತ್ತೆಯಾಗಿದೆ’ ಎನ್ನುತ್ತದೆ. ಕೊನೆಯಲ್ಲಿ ಅದನ್ನು ಟಿಟಿವೈಯುಎಸ್‌ಬಿ0ಗೆ, ಅಂದರೆ ಪ್ರೋಗ್ರಾಮ್‌ಗಳು ಪೋರ್ಟ್ ಎಂದು ತೆರೆಯುವ ಕಡತಕ್ಕೆ, ಜೋಡಿಸಿದೆ ಎಂಬ ಸಾಲು. ಈ ನಾಲ್ಕರಲ್ಲಿ ಯಾವುದು ಬಾಕಿ ಉಳಿಯಿತೋ ಅಲ್ಲೇ ನಿಮ್ಮ ತೊಂದರೆ ಇದೆ. ಮೊದಲ ಸಾಲೇ ಇಲ್ಲವೆಂದರೆ ಡ್ರೈವರ್ ಹುಡುಕುತ್ತ ಕೂರುವುದು ವ್ಯರ್ಥ. ಕೊನೆಯ ಸಾಲು ಬಂದಿದೆಯೆಂದರೆ ಕೇಬಲ್ ಬದಲಿಸುತ್ತ ಕೂರುವುದೂ ಅಷ್ಟೇ ವ್ಯರ್ಥ.

ಒಂದು ಸಾಲೂ ಬರಲಿಲ್ಲ. ಬೋರ್ಡ್ ಕೆಟ್ಟಿದೆಯೇ?

ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜ್ ಮಾಡಲೆಂದೇ ಮಾಡಿದ ಕೇಬಲ್‌ಗಳಲ್ಲಿ ದತ್ತಾಂಶದ ಎರಡು ತಂತಿಗಳೇ ಇರುವುದಿಲ್ಲ. ಅಡಾಪ್ಟರ್‌ನ ದೀಪ ಮಾತ್ರ ಚೆಂದವಾಗಿ ಉರಿಯುತ್ತದೆ. ಆ ದೀಪವನ್ನು ನಂಬಿ ಒಂದು ಮಧ್ಯಾಹ್ನ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಕೇಬಲ್ ಸರಿಯಿದ್ದರೆ ಪೋರ್ಟ್ ಯಾವುದೆಂದು ನೋಡಿ. ಎಂಬೆಡೆಡ್ ಬೋರ್ಡ್‌ಗಳಲ್ಲಿ ಎಲ್ಲ ಯುಎಸ್‌ಬಿ ಪೋರ್ಟ್‌ಗಳೂ ಹೋಸ್ಟ್ (ಬೇರೆ ಸಾಧನಗಳನ್ನು ಸಿಕ್ಕಿಸಿಕೊಂಡು ನಡೆಸುವ ಪೋರ್ಟ್) ಅಲ್ಲ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಚಿಕ್ಕ ಮಿನಿ ಪೋರ್ಟ್ ಬೋರ್ಡನ್ನೇ ಕಂಪ್ಯೂಟರ್‌ಗೆ ಸಾಧನವಾಗಿ ತೋರಿಸಲು ಇರುವಂಥದ್ದು. ಅಡಾಪ್ಟರ್ ಹೋಗಬೇಕಾದದ್ದು ದೊಡ್ಡ ಪೋರ್ಟ್‌ಗೆ. ಎರಡೂ ಪಾತ್ರ ವಹಿಸಬಲ್ಲ ಓಟಿಜಿ ಪೋರ್ಟ್ ಆಗಿದ್ದರೆ, ಬೋರ್ಡಿನ ಹಾರ್ಡ್‌ವೇರನ್ನು ಕರ್ನೆಲ್‌ಗೆ ವಿವರಿಸುವ ಡಿವೈಸ್ ಟ್ರೀಯಲ್ಲಿ ಡಿಆರ್-ಮೋಡ್ ಗುಣದ ಬೆಲೆ ‘ಹೋಸ್ಟ್’ ಎಂದಿರಬೇಕು, ಇಲ್ಲವೇ ಐಡಿ ಪಿನ್ ನೆಲಕ್ಕೆ ಸೇರಿಸಿದ ಓಟಿಜಿ ಕೇಬಲ್ ಬೇಕು.

ಸಾಲು ಬಂದಿದೆ, ಆದರೆ ದೋಷ ಮೈನಸ್ 71 ಅಥವಾ ಮೈನಸ್ 110 ಎಂದು ಕೊರಗುತ್ತಿದೆಯೇ? 71 ಎಂದರೆ ಪ್ರೋಟೊಕಾಲ್ ದೋಷ, 110 ಎಂದರೆ ಕಾದು ಕಾದು ಸಮಯ ಮೀರಿತು. ಎರಡಕ್ಕೂ ಸಾಮಾನ್ಯ ಕಾರಣ ಕಳಪೆ ಅಥವಾ ಅತಿ ಉದ್ದದ ಕೇಬಲ್, ಇಲ್ಲವೇ ಸೊರಗಿದ ವಿದ್ಯುತ್. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ಬೋರ್ಡಿಗೇ ಹೊಟ್ಟೆ ತುಂಬದ ವಿದ್ಯುತ್ ಅಡಾಪ್ಟರ್ ಹಾಕಿದ್ದರೆ ಅದು ಪೋರ್ಟ್‌ಗೆ ಎಲ್ಲಿಂದ ಕೊಟ್ಟೀತು?

ಸಾಧನದ ಸಂಖ್ಯೆ ಕಾಣುತ್ತದೆ, ಟಿಟಿವೈಯುಎಸ್‌ಬಿ0 ಮಾತ್ರ ಹುಟ್ಟುವುದಿಲ್ಲ.

ಈಗ ಡ್ರೈವರ್ ಮಾತು. ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಆಜ್ಞೆ ತೋರಿಸುವ ಸಂಖ್ಯೆಯಿಂದ ಚಿಪ್ ಯಾವುದೆಂದು ತಿಳಿಯುತ್ತದೆ. ಹೊರಗಿನ ಡಬ್ಬಿಯ ಮೇಲೆ ಏನೇ ಬರೆದಿರಲಿ, ಒಳಗೆ ಇರುವುದು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. 0403:6001 ಎಂದರೆ ಎಫ್‌ಟಿಡಿಐನ ಎಫ್‌ಟಿ232, ಅದಕ್ಕೆ ಎಫ್‌ಟಿಡಿಐ-ಎಸ್‌ಐಒ ಡ್ರೈವರ್. 10ಸಿ4:ಇಎ60 ಎಂದರೆ ಸಿಲಿಕಾನ್ ಲ್ಯಾಬ್ಸ್‌ನ ಸಿಪಿ2102, ಡ್ರೈವರ್ ಸಿಪಿ210ಎಕ್ಸ್. 067ಬಿ:2303 ಪ್ರೊಲಿಫಿಕ್‌ನದು, ಡ್ರೈವರ್ ಪಿಎಲ್2303. 1ಎ86:7523 ಅಗ್ಗದ ಅಡಾಪ್ಟರ್‌ಗಳಲ್ಲಿ ಎಲ್ಲೆಲ್ಲೂ ಕಾಣುವ ಸಿಎಚ್340. ಅದರ ಡ್ರೈವರ್ ಹೆಸರು ಮಾತ್ರ ಸಿಎಚ್341. 340 ಎಂದು ಹುಡುಕಿ ‘ಡ್ರೈವರೇ ಇಲ್ಲ’ ಎಂದು ಕೈಚೆಲ್ಲಿದವರಿದ್ದಾರೆ.

ನಾಲ್ಕೂ ಡ್ರೈವರ್‌ಗಳು ಮುಖ್ಯ ಕರ್ನೆಲ್‌ನಲ್ಲೇ ಇವೆ, ಎಲ್ಲಿಂದಲೂ ಇಳಿಸಿಕೊಳ್ಳಬೇಕಿಲ್ಲ. ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಎಲ್ಲವೂ ಸೇರಿಕೊಂಡೇ ಬರುತ್ತವೆ. ಎಂಬೆಡೆಡ್ ಇಮೇಜ್‌ನಲ್ಲಿ, ಅಂದರೆ ಬೋರ್ಡಿಗೆಂದೇ ಕಟ್ಟಿದ ಲಿನಕ್ಸ್‌ನಲ್ಲಿ, ಹಾಗಲ್ಲ. ಜಾಗ ಉಳಿಸಲು ಯಾರೋ ಕಿತ್ತುಹಾಕಿರುತ್ತಾರೆ. ಇಂಥ ಇಮೇಜ್ ಕಟ್ಟುವ ಬಿಲ್ಡ್‌ರೂಟ್ ಅಥವಾ ಯೋಕ್ಟೊ ಬಳಸುತ್ತಿದ್ದರೆ ಕರ್ನೆಲ್ ಸಂರಚನೆಯಲ್ಲಿ ಯುಎಸ್‌ಬಿ ಸೀರಿಯಲ್ ಬೆಂಬಲವನ್ನೂ ನಿಮ್ಮ ಚಿಪ್‌ನ ಡ್ರೈವರನ್ನೂ ಸೇರಿಸಿ. ಯೋಕ್ಟೊದಲ್ಲಿ ಡ್ರೈವರನ್ನು ಮಾಡ್ಯೂಲ್ (ಬೇಕಾದಾಗ ಕರ್ನೆಲ್‌ಗೆ ಸೇರಿಸುವ ಬೇರೆ ಕಡತ) ಆಗಿ ಕಟ್ಟಿದ ಮೇಲೆ ಅದರ ಪ್ಯಾಕೇಜನ್ನು ಇಮೇಜ್‌ಗೆ ಸೇರಿಸಲು ಮರೆಯುವುದು ಸರ್ವೇಸಾಮಾನ್ಯ: ಮಾಡ್ಯೂಲ್ ಬಿಲ್ಡ್ ಯಂತ್ರದಲ್ಲಿರುತ್ತದೆ, ಬೋರ್ಡಿನಲ್ಲಿ ಇರುವುದಿಲ್ಲ. ರೂಟರ್‌ಗಳಿಗೆಂದು ಇರುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಪ್ರತಿ ಚಿಪ್‌ಗೂ ಕೆಮಾಡ್ ಎಂದು ಶುರುವಾಗುವ ಬೇರೆ ಬೇರೆ ಪ್ಯಾಕೇಜ್‌ಗಳಿವೆ.

ಕರ್ನೆಲ್‌ಗೆ ಸೇರಿಸಲು ಮಾಡ್‌ಪ್ರೋಬ್ ಆಜ್ಞೆ ಕೊಟ್ಟಾಗ ಮಾಡ್ಯೂಲಿನ ಸ್ವರೂಪ ಸರಿಯಿಲ್ಲವೆಂಬ ದೂರು ಬಂದರೆ, ಓಡುತ್ತಿರುವ ಕರ್ನೆಲ್ ಒಂದು, ಮಾಡ್ಯೂಲ್ ಕಟ್ಟಿದ ಕರ್ನೆಲ್ ಇನ್ನೊಂದು ಎಂದು ತಿಳಿಯಿರಿ. ಯುನೇಮ್ ಹೇಳುವ ಆವೃತ್ತಿಯನ್ನೂ ಲಿಬ್ ಮಾಡ್ಯೂಲ್ಸ್ ಒಳಗಿನ ಕಡತಕೋಶದ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾಡ್ಯೂಲ್ ಅಲ್ಲೇ ಇದ್ದರೂ ಸಿಗುತ್ತಿಲ್ಲ ಎಂದರೆ ಮಾಡ್ಯೂಲ್‌ಗಳ ಪಟ್ಟಿಯನ್ನು ಹೊಸದಾಗಿ ಬರೆಯುವ ಡೆಪ್‌ಮಾಡ್ ಒಮ್ಮೆ ಓಡಿಸಿ.

ಟಿಟಿವೈಯುಎಸ್‌ಬಿ0 ಬಂದ ಕ್ಷಣದಲ್ಲೇ ಮಾಯವಾಗುತ್ತದೆ!

ಸಿಎಚ್340 ಮತ್ತು ಉಬುಂಟು 22.04 ಜೋಡಿಯೇ? ಹಾಗಿದ್ದರೆ ಬಿಆರ್‌ಎಲ್‌ಟಿಟಿವೈ ಕೈವಾಡ. ಇದು ಅಂಧರು ಬಳಸುವ ಬ್ರೈಲ್ ಫಲಕಕ್ಕಾಗಿ ಇರುವ ಒಳ್ಳೆಯ ತಂತ್ರಾಂಶ. ಕೆಲವು ಬ್ರೈಲ್ ಫಲಕಗಳಲ್ಲೂ ಇದೇ ಚಿಪ್ ಇರುವುದರಿಂದ ನಿಮ್ಮ ಅಡಾಪ್ಟರನ್ನೂ ಬ್ರೈಲ್ ಫಲಕವೆಂದೇ ಭಾವಿಸಿ ಕಸಿದುಕೊಳ್ಳುತ್ತದೆ. ಡಿಎಂಇಎಸ್‌ಜಿಯಲ್ಲಿ ಅದರ ಹೆಸರೇ ಕಾಣುತ್ತದೆ. ಬ್ರೈಲ್ ಫಲಕ ಬಳಸುವವರು ಆ ಯಂತ್ರದಲ್ಲಿ ಇಲ್ಲದಿದ್ದರೆ ಆ ಪ್ಯಾಕೇಜ್ ತೆಗೆಯಿರಿ. ಇದ್ದರೆ ಅದರ ಯುಡೆವ್ ನಿಯಮದಲ್ಲಿ (ಸಾಧನ ಸೇರಿದಾಗ ಏನು ಮಾಡಬೇಕೆಂದು ಹೇಳುವ ಕಡತ) ಈ ಒಂದು ಸಂಖ್ಯೆಯ ಸಾಲನ್ನಷ್ಟೇ ಕಾಮೆಂಟ್ ಮಾಡಿ.

ನನಗೆ ಟಿಟಿವೈಎಸಿಎಂ0 ಬಂತು. ತಪ್ಪೇ?

ತಪ್ಪಲ್ಲ. ಆ ಸಾಧನ ಯುಎಸ್‌ಬಿಯ ಪ್ರಮಾಣಿತ ಸಿಡಿಸಿ ವರ್ಗದ್ದು, ಡ್ರೈವರ್ ಬೇರೆ. ಪ್ರೋಗ್ರಾಮಿನಲ್ಲಿ ಹೆಸರು ಬದಲಿಸಿದರೆ ಸಾಕು.

‘ಅನುಮತಿ ಇಲ್ಲ’ ಎನ್ನುತ್ತದೆ. ಸುಡೊ ಕೊಟ್ಟರೆ ಓಡುತ್ತದೆ.

ಕಡತದ ಮಾಲೀಕ ರೂಟ್, ಗುಂಪು ಡೆಬಿಯನ್ ಬಳಗದಲ್ಲಿ ಡಯಲ್‌ಔಟ್, ಆರ್ಚ್‌ನಲ್ಲಿ ಯುಯುಸಿಪಿ. ನಿಮ್ಮ ಬಳಕೆದಾರನನ್ನು ಆ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮರಳಿ ಬನ್ನಿ. ಮರಳಿ ಬರದೆ ಗುಂಪು ಹತ್ತುವುದಿಲ್ಲ. 666 ಕೊಟ್ಟು ಬಾಗಿಲು ತೆರೆದಿಡುವ ಉಪಾಯ ಅಡಾಪ್ಟರ್ ಮತ್ತೆ ಸಿಕ್ಕಿಸುವವರೆಗಷ್ಟೇ. ಕಡತ ಹೊಸದಾಗಿ ಹುಟ್ಟಿದಾಗ ಅನುಮತಿ ಹಳೆಯದಕ್ಕೇ ಬರುತ್ತದೆ.

ಪೋರ್ಟ್ ತೆರೆಯುತ್ತದೆ, ಆದರೆ ಬರುವ ಅಕ್ಷರಗಳಲ್ಲಿ ಅರ್ಧ ಮಾತ್ರ ಸಿಗುತ್ತವೆ.

ಇನ್ನರ್ಧವನ್ನು ಬೇರೆ ಯಾರೋ ಓದುತ್ತಿದ್ದಾರೆ. ಲಿನಕ್ಸ್‌ನಲ್ಲಿ ಒಂದೇ ಪೋರ್ಟನ್ನು ಇಬ್ಬರು ತೆರೆಯಬಹುದು, ತಾನಾಗಿ ಯಾರೂ ತಡೆಯುವುದಿಲ್ಲ. ಬಂದ ಬೈಟ್ ಯಾರ ಕೈಗೆ ಮೊದಲು ಸಿಕ್ಕಿತೋ ಅವರದು. ಎಫ್‌ಯೂಸರ್ ಆಜ್ಞೆಗೆ ಪೋರ್ಟ್‌ನ ಹೆಸರು ಕೊಟ್ಟರೆ ಕಳ್ಳನ ಪ್ರಕ್ರಿಯೆ ಸಂಖ್ಯೆ ಹೊರಬರುತ್ತದೆ. ಹೆಚ್ಚಿನ ಸಲ ಅದು ನಿನ್ನೆ ಬೇರೆ ಕಿಟಕಿಯಲ್ಲಿ ತೆರೆದು ಮರೆತ ನಿಮ್ಮದೇ ಮಿನಿಕಾಮ್ (ಸೀರಿಯಲ್ ಪೋರ್ಟಿನೊಡನೆ ಮಾತನಾಡಿಸುವ ಪ್ರೋಗ್ರಾಮ್). ಕೆಲವೊಮ್ಮೆ ಗೆಟ್ಟಿ, ಅಂದರೆ ಪೋರ್ಟಿನ ಮೇಲೆ ಲಾಗಿನ್ ಕೇಳಲು ಕುಳಿತ ಸೇವೆ. ಇನ್ನು ಕೆಲವೊಮ್ಮೆ ಮೋಡೆಮ್ ಮ್ಯಾನೇಜರ್. ಹೊಸ ಸೀರಿಯಲ್ ಪೋರ್ಟ್ ಕಂಡರೆ ಅದು ಮೋಡೆಮ್ ಇರಬಹುದೆಂದು ‘ಎಟಿ’ ಆಜ್ಞೆಗಳನ್ನು ಕಳಿಸಿ ಪರೀಕ್ಷಿಸುವುದು ಅದರ ಕೆಲಸ. ಸಿಮ್ ಕಾರ್ಡ್ ಇಲ್ಲದ ಬೋರ್ಡಿನಲ್ಲಿ ಅದನ್ನು ನಿಲ್ಲಿಸಿಬಿಡಿ. ಸಿಮ್ ಇರುವ ಬೋರ್ಡಿನಲ್ಲಿ ಯುಡೆವ್ ನಿಯಮದಿಂದ ನಿಮ್ಮ ಅಡಾಪ್ಟರನ್ನು ಕಡೆಗಣಿಸುವಂತೆ ಹೇಳಬಹುದು.

ದೋಷ ನನ್ನ ಕಡೆಯದೋ ಮೀಟರ್ ಕಡೆಯದೋ ಎಂದು ಹೇಗೆ ತಿಳಿಯಲಿ?

ಇದಕ್ಕೆ ಒಂದು ಜಂಪರ್ ತಂತಿ ಸಾಕು. ಮೀಟರನ್ನು ಬಿಚ್ಚಿ ಬದಿಗಿಡಿ. ಅಡಾಪ್ಟರ್‌ನ ಟಿಎಕ್ಸ್ (ಕಳಿಸುವ) ಪಿನ್ನನ್ನು ಅದರದೇ ಆರ್‌ಎಕ್ಸ್ (ಕೇಳುವ) ಪಿನ್ನಿಗೆ ಸೇರಿಸಿ. ಒಂಬತ್ತು ಪಿನ್ನಿನ ಆರ್‌ಎಸ್-232 ಪ್ಲಗ್ ಆಗಿದ್ದರೆ 2 ಮತ್ತು 3ನೇ ಪಿನ್. ಪೇಪರ್ ಕ್ಲಿಪ್ ಬಗ್ಗಿಸಿ ಹಾಕಿದರೂ ನಡೆಯುತ್ತದೆ. ಮಿನಿಕಾಮ್‌ನಂಥದ್ದೇ ಆದ ಪಿಕೊಕಾಮ್‌ನಲ್ಲಿ ಪೋರ್ಟ್ ತೆರೆದು, ಸ್ಥಳೀಯ ಪ್ರತಿಧ್ವನಿಯನ್ನು (ಒತ್ತಿದ್ದನ್ನು ಪ್ರೋಗ್ರಾಮೇ ಪರದೆಗೆ ಬರೆಯುವುದು) ಆಫ್ ಮಾಡಿ, ಏನಾದರೂ ಒತ್ತಿ. ಒತ್ತಿದ ಅಕ್ಷರ ಪರದೆಯ ಮೇಲೆ ಬಂದರೆ ಕರ್ನೆಲ್, ಡ್ರೈವರ್, ಅನುಮತಿ, ಅಡಾಪ್ಟರ್ ಎಲ್ಲವೂ ಒಂದೇ ಏಟಿಗೆ ಪಾಸು. ತಂತಿ ತೆಗೆದಾಗ ಅಕ್ಷರ ನಿಲ್ಲಬೇಕು. ಅದನ್ನೂ ನೋಡಿ, ಇಲ್ಲದಿದ್ದರೆ ನೀವು ಕಂಡದ್ದು ಪ್ರತಿಧ್ವನಿ ಅಷ್ಟೇ.

ಒಂದು ಎಚ್ಚರ: ಈ ಪರೀಕ್ಷೆ ಬಾಡ್ ವೇಗ (ಸೆಕೆಂಡಿಗೆ ಎಷ್ಟು ಬಿಟ್ ಎಂಬುದು) ತಪ್ಪಿದ್ದರೂ ಪಾಸಾಗುತ್ತದೆ. ಕಳಿಸುವವನೂ ಕೇಳುವವನೂ ಒಬ್ಬನೇ ಅಲ್ಲವೇ. ಎರಡು ತಂತಿಯ ಆರ್‌ಎಸ್-485 ಅಡಾಪ್ಟರ್‌ಗೆ ಇದು ಒಗ್ಗುವುದಿಲ್ಲ. ಅದಕ್ಕೆ ಎರಡು ಅಡಾಪ್ಟರ್‌ಗಳನ್ನು ಎದುರುಬದುರು ಕಟ್ಟಿ ನೋಡುತ್ತೇನೆ.

ಆ ಪರೀಕ್ಷೆ ಪಾಸಾಯಿತು. ಮೀಟರ್ ಮಾತ್ರ ಉತ್ತರ ಕೊಡುವುದಿಲ್ಲ.

ತಂತಿಗಳನ್ನು ನೋಡಿ, ಅದೂ ಟಾರ್ಚ್ ಹಿಡಿದು. ಇಲ್ಲಿನ ಟಿಎಕ್ಸ್ ಅಲ್ಲಿನ ಆರ್‌ಎಕ್ಸ್‌ಗೆ ಹೋಗಬೇಕು. ಕೆಲವು ಬೋರ್ಡ್‌ಗಳ ಮೇಲೆ ಪಿನ್ನಿನ ಪಕ್ಕ ತನ್ನ ಹೆಸರನ್ನಲ್ಲ, ಎದುರಿನವನ ಹೆಸರನ್ನು ಅಚ್ಚು ಹಾಕಿರುತ್ತಾರೆ, ಆದ್ದರಿಂದ ಅದಲುಬದಲು ಮಾಡಿಯೂ ನೋಡಿ. ಗ್ರೌಂಡ್ ತಂತಿ ಕಡ್ಡಾಯ. ಅದಿಲ್ಲದೆ ಕೆಲವೊಮ್ಮೆ ಕೆಲಸ ಮಾಡಿದಂತೆ ಮಾಡಿ, ನೀವು ಊರಿಗೆ ಹೋದ ದಿನ ಕೈಕೊಡುತ್ತದೆ. ಎದುರಿನ ಬೋರ್ಡ್‌ಗೆ ತನ್ನದೇ ವಿದ್ಯುತ್ ಇದ್ದರೆ ಅಡಾಪ್ಟರ್‌ನ 5 ವೋಲ್ಟ್ ತಂತಿಯನ್ನು ಮಾತ್ರ ಸೇರಿಸಬೇಡಿ.

ಇನ್ನು ವೋಲ್ಟೇಜ್. ಇಲ್ಲಿ ತಪ್ಪಿದರೆ ಹೊಗೆ. ‘ಸೀರಿಯಲ್’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಜಾತಿಗಳಿವೆ. ಟಿಟಿಎಲ್ ಎಂದರೆ 0 ಮತ್ತು 3.3 ಅಥವಾ 5 ವೋಲ್ಟ್. ಆರ್‌ಎಸ್-232ರಲ್ಲಿ ಚಿಹ್ನೆ ತಲೆಕೆಳಗು: 1 ಎಂದರೆ ಮೈನಸ್, 0 ಎಂದರೆ ಪ್ಲಸ್, ಕಳಿಸುವ ಕಡೆ 5ರಿಂದ 15 ವೋಲ್ಟ್‌ವರೆಗೆ. ಅದನ್ನು ನೇರವಾಗಿ ರಾಸ್ಪ್‌ಬೆರಿ ಪೈನ 3.3 ವೋಲ್ಟ್ ಪಿನ್ನಿಗೆ ಕೊಟ್ಟರೆ ಪಿನ್ ಸಾಯುತ್ತದೆ. ನಡುವೆ ಮ್ಯಾಕ್ಸ್3232ದಂತಹ ಚಿಪ್ ಬೇಕು. ಆರ್‌ಎಸ್-485ರಲ್ಲಿ ಎ ಮತ್ತು ಬಿ ಎಂಬ ಎರಡು ತಂತಿಗಳ ನಡುವಿನ ವ್ಯತ್ಯಾಸವೇ ಸಂಕೇತ. ಎ ಯಾವುದು ಬಿ ಯಾವುದು ಎಂಬುದರಲ್ಲಿ ತಯಾರಕರಿಗೇ ಒಮ್ಮತವಿಲ್ಲ. ಉತ್ತರ ಬರದಿದ್ದರೆ ಎರಡನ್ನೂ ಅದಲುಬದಲು ಮಾಡಿ, ಏನೂ ಸುಡುವುದಿಲ್ಲ. ಉದ್ದದ ಸಾಲಾಗಿದ್ದರೆ ಎರಡು ತುದಿಗಳಲ್ಲಿ ಮಾತ್ರ 120 ಓಮ್ ರೆಸಿಸ್ಟರ್ ಇರಲಿ, ನಡುವೆ ಕಟ್ಟಿದ ಮೀಟರ್ ಸಾಧನಗಳಿಗೆ ಬೇಡ.

ಯಾವ ಜಾತಿಯೆಂದು ಅನುಮಾನವಿದ್ದರೆ ಮಲ್ಟಿಮೀಟರ್ ಸಾಕು. ಸಾಲು ಸುಮ್ಮನಿದ್ದಾಗ ಟಿಎಕ್ಸ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ. 3.3 ಅಥವಾ 5 ತೋರಿಸಿದರೆ ಟಿಟಿಎಲ್. ಮೈನಸ್ 5ರಿಂದ ಮೈನಸ್ 12ರ ಆಸುಪಾಸು ತೋರಿಸಿದರೆ ಆರ್‌ಎಸ್-232.

ಕಸ ಅಕ್ಷರಗಳು ಬರುತ್ತಿವೆ.

ಕಸ ಬರುತ್ತಿರುವುದು ಒಳ್ಳೆಯ ಸುದ್ದಿ, ತಂತಿ ಸೇರಿದೆ. ಎಲ್ಲ ಅಕ್ಷರಗಳೂ ಕಸವಾಗಿದ್ದರೆ ಬಾಡ್ ವೇಗ ತಪ್ಪು, ಇಲ್ಲವೇ ಆರ್‌ಎಸ್-232ರ ತಲೆಕೆಳಗಾದ ಸಂಕೇತ ಟಿಟಿಎಲ್ ಪಿನ್ನಿಗೆ ಬರುತ್ತಿದೆ. ಕೆಲವೇ ಅಕ್ಷರ ಕೆಟ್ಟಿದ್ದರೆ ಪ್ಯಾರಿಟಿ (ತಪ್ಪು ಹಿಡಿಯಲು ಪ್ರತಿ ಅಕ್ಷರಕ್ಕೆ ಸೇರಿಸುವ ಒಂದು ಬಿಟ್) ಅಥವಾ 7-8 ಬಿಟ್‌ಗಳ ಗೊಂದಲ. ಎರಡೂ ಕಡೆಯ ವೇಗದ ವ್ಯತ್ಯಾಸ ಶೇ 2-3ರ ಒಳಗಿರಬೇಕು. ಅದನ್ನು ಮೀರಿದರೆ ಬೈಟಿನ ಕೊನೆಯ ಬಿಟ್‌ಗಳು ಜಾರುತ್ತವೆ.

9600 ಮತ್ತು 115200 ಎರಡನ್ನೇ ಪ್ರಯತ್ನಿಸಿ ಕೈಬಿಡಬೇಡಿ. ಇಎಸ್‌ಪಿ8266 ಚಿಪ್ ಎಚ್ಚರಗೊಳ್ಳುವಾಗ ಗೊಣಗುವುದು 74880ರಲ್ಲಿ. ರಾಕ್‌ಚಿಪ್ ಆರ್‌ಕೆ3328, ಆರ್‌ಕೆ3399 ಬೋರ್ಡ್‌ಗಳ ಕನ್ಸೋಲ್ 1500000ರಲ್ಲಿ ಓಡುತ್ತದೆ. ಈ ಕೊನೆಯದರಲ್ಲಿ ನಾನು ಎರಡು ಸಂಜೆ ಒದ್ದಾಡಿದ್ದೇನೆ. ವೇಗ ಸರಿಯಾಗಿಯೇ ಕೊಟ್ಟಿದ್ದೆ, ಬೋರ್ಡ್ ಸರಿಯಿತ್ತು, ತಂತಿ ಮೂರು ಸಲ ಬದಲಿಸಿದ್ದೆ. ನನ್ನ ಕೈಲಿದ್ದದ್ದು ಸಿಪಿ2102. ಅದರ ಗರಿಷ್ಠ ವೇಗವೇ ಸೆಕೆಂಡಿಗೆ 10 ಲಕ್ಷ ಬಿಟ್. ಹದಿನೈದು ಲಕ್ಷ ಕೇಳಿದರೆ ಅದು ತಾನೇನು ಮಾಡೀತು! ಎಫ್‌ಟಿ232 ಇದ್ದ ಇನ್ನೊಂದು ಅಡಾಪ್ಟರ್ ಹಾಕಿದೊಡನೆ ಬೂಟ್ ಸಾಲುಗಳು ಹರಿದು ಬಂದವು. ಅಂದಿನಿಂದ ಅಡಾಪ್ಟರ್‌ಗಳ ಬೆನ್ನಿಗೆ ಚಿಪ್‌ನ ಹೆಸರು ಬರೆದ ಚೀಟಿ ಅಂಟಿಸುತ್ತೇನೆ.

ಪ್ಯಾರಿಟಿ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ. ತಯಾರಕರು ಕೊಟ್ಟ 3.10ರಂತಹ ಹಳೆಯ ಕರ್ನೆಲ್‌ಗೆ ಅಂಟಿಕೊಂಡ ಬೋರ್ಡ್‌ಗಳಲ್ಲಿ ಸಿಎಚ್341 ಡ್ರೈವರ್‌ಗೆ ಪ್ಯಾರಿಟಿ ಬರುತ್ತಲೇ ಇರಲಿಲ್ಲ. ನೀವು ಈವನ್ ಕೇಳುತ್ತೀರಿ, ಅದು ಕಿವಿಗೆ ಹಾಕಿಕೊಳ್ಳದೆ ಪ್ಯಾರಿಟಿ ಇಲ್ಲದೆಯೇ ಕಳಿಸುತ್ತದೆ. ಮೀಟರ್, ಪಿಎಲ್‌ಸಿಗಳು ಮಾತನಾಡುವ ಪದ್ಧತಿಯಾದ ಮಾಡ್‌ಬಸ್ ಆರ್‌ಟಿಯು ಪ್ರಮಾಣದ ಮೂಲ ನಿಯಮವೇ ಈವನ್ ಪ್ಯಾರಿಟಿ. ಅಂತಹ ಬೋರ್ಡ್ ಆದರೆ ಕರ್ನೆಲ್ ಬದಲಿಸಿ, ಆಗದಿದ್ದರೆ ಅಡಾಪ್ಟರ್ ಬದಲಿಸಿ.

ಬರುವುದೆಲ್ಲ ಕಾಣುತ್ತದೆ, ನಾನು ಒತ್ತಿದ್ದು ಮಾತ್ರ ಹೋಗುವುದಿಲ್ಲ.

ಮಿನಿಕಾಮ್ ತಾನೇ? ಅದರಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಎದುರಿನವನ ಒಪ್ಪಿಗೆಗೆ ಬೇರೆ ತಂತಿಗಳಲ್ಲಿ ಕಾಯುವುದು) ಮೊದಲಿಂದಲೇ ಆನ್ ಆಗಿರುತ್ತದೆ. ಮೂರು ತಂತಿಯ ಜೋಡಣೆಯಲ್ಲಿ ‘ಕಳಿಸಬಹುದು’ ಎನ್ನುವ ಸಿಟಿಎಸ್ ಸಂಕೇತ ಎಂದಿಗೂ ಬರುವುದಿಲ್ಲ, ಅದು ಕಾಯುತ್ತಲೇ ಇರುತ್ತದೆ. ಕಂಟ್ರೋಲ್-ಎ ಒತ್ತಿ, ಓ ಒತ್ತಿ, ಸೀರಿಯಲ್ ಪೋರ್ಟ್ ಸೆಟಪ್‌ಗೆ ಹೋಗಿ ಎಫ್ ಒತ್ತಿ ಅದನ್ನು ಆಫ್ ಮಾಡಿ.

ಮಿನಿಕಾಮ್‌ನಲ್ಲಿ ಸರಿ, ನನ್ನ ಸಿ ಪ್ರೋಗ್ರಾಮಿನಲ್ಲಿ ಮಾತ್ರ ತಪ್ಪು.

ಟಿಟಿವೈ ಎಂಬುದು ಮನುಷ್ಯ ಟೈಪ್ ಮಾಡುವ ಟರ್ಮಿನಲ್‌ಗೆಂದು ಹುಟ್ಟಿದ್ದು. ಹೊಸದಾಗಿ ತೆರೆದಾಗ ಅದು ಅದೇ ಗುಂಗಿನಲ್ಲಿರುತ್ತದೆ: ಸಾಲು ಮುಗಿಯುವವರೆಗೆ ಓದಲು ಕೊಡುವುದಿಲ್ಲ, 0ಎಕ್ಸ್0ಡಿ ಬಂದರೆ 0ಎಕ್ಸ್0ಎ ಮಾಡುತ್ತದೆ, 0ಎಕ್ಸ್11 ಮತ್ತು 0ಎಕ್ಸ್13 ಬಂದರೆ ಹರಿವಿನ ಸೂಚನೆಯೆಂದು ನುಂಗಿಬಿಡುತ್ತದೆ. ಪಠ್ಯ ಕಳಿಸುವಾಗ ಇದು ಗೊತ್ತೇ ಆಗುವುದಿಲ್ಲ. ಬೈನರಿ ಕಳಿಸಿದಾಗ, ಮೀಟರಿನ ಓದು 17 ಅಥವಾ 19 ಆದಾಗ ಮಾತ್ರ ಚೆಕ್‌ಸಮ್ ತಪ್ಪುತ್ತದೆ. ದಿನಕ್ಕೆ ನಾಲ್ಕು ಸಲ ಮಾತ್ರ ಕೈಕೊಡುವ ವ್ಯವಸ್ಥೆಯೆಂದರೆ ನನಗೆ ಮೊದಲು ನೆನಪಾಗುವುದು ಇದೇ.

ಇನ್ನೂ ತಮಾಷೆಯದು ಪ್ರತಿಧ್ವನಿ. ಅದು ಆನ್ ಇದ್ದರೆ ಮೀಟರ್ ಕಳಿಸಿದ್ದನ್ನೆಲ್ಲ ಕರ್ನೆಲ್ ಮೀಟರಿಗೇ ವಾಪಸ್ ಕಳಿಸುತ್ತದೆ. ಎದುರಿನ ಸಾಧನ ತಪ್ಪು ಆಜ್ಞೆಯೆಂದು ದೋಷ ಸಂದೇಶ ಕೊಡುತ್ತದೆ, ಅದೂ ವಾಪಸ್ ಹೋಗುತ್ತದೆ. ಇಬ್ಬರ ಜಗಳ ನಿಲ್ಲುವುದೇ ಇಲ್ಲ.

ಪರಿಹಾರ: ಪೋರ್ಟ್ ತೆರೆದೊಡನೆ ಈ ಟರ್ಮಿನಲ್ ಗುಂಗನ್ನು ಬಿಡಿಸುವ ಸಿಎಫ್‌ಮೇಕ್‌ರಾ ಕರೆದು, ವೇಗ, ಪ್ಯಾರಿಟಿ, ಫ್ಲೋ ಕಂಟ್ರೋಲ್ ಎಲ್ಲವನ್ನೂ ನೀವೇ ಹೇಳಿ. ಹಿಂದೆ ಯಾರೋ ಎಸ್‌ಟಿಟಿವೈ ಆಜ್ಞೆಯಿಂದ ಸರಿಮಾಡಿಟ್ಟಿದ್ದಾರೆಂದು ನಂಬಬೇಡಿ. ಒಂದು ಸಲ ರೀಡ್ ಕರೆದರೆ ಪೂರ್ತಿ ಉತ್ತರ ಬರುತ್ತದೆಂದೂ ನಂಬಬೇಡಿ. ಎಂಟು ಬೈಟಿನ ಉತ್ತರ ಮೂರು, ಐದಾಗಿ ಬರಬಹುದು.

ಎಲ್ಲವೂ ಸರಿ, ಆದರೆ ಮಾಡ್‌ಬಸ್ ಓದು ನಿಧಾನ, ಆಗಾಗ ಟೈಮ್‌ಔಟ್.

ಎಫ್‌ಟಿಡಿಐ ಚಿಪ್ ಬಂದ ಬೈಟ್‌ಗಳನ್ನು ಒಂದೊಂದಾಗಿ ದಾಟಿಸುವುದಿಲ್ಲ. 62 ಬೈಟ್ ತುಂಬುವವರೆಗೆ ಅಥವಾ ಒಂದು ಗಡುವು ಮುಗಿಯುವವರೆಗೆ ಕಾಯುತ್ತದೆ. ಆ ಗಡುವು ಮೂಲತಃ 16 ಮಿಲಿಸೆಕೆಂಡ್. 9600 ವೇಗದ ಮಾಡ್‌ಬಸ್‌ನಲ್ಲಿ ಎರಡು ಸಂದೇಶಗಳ ನಡುವಿನ ಮೌನ ಮೂರೂವರೆ ಅಕ್ಷರದಷ್ಟು, ಅಂದರೆ ಸುಮಾರು 4 ಮಿಲಿಸೆಕೆಂಡ್. 16 ಮಿಲಿಸೆಕೆಂಡ್ ತಡವಾಗಿ ಕೇಳಿಸಿಕೊಳ್ಳುವವನು 4 ಮಿಲಿಸೆಕೆಂಡಿನ ಮೌನ ಅಳೆಯಲು ಹೊರಟರೆ ಎಡವುವುದೇ ಸರಿ. ಕರ್ನೆಲ್‌ನ ಹೊಂದಾಣಿಕೆಗಳು ಕಡತಗಳಾಗಿ ಕಾಣುವ ಸಿಸ್ ಕಡತವ್ಯವಸ್ಥೆಯಲ್ಲಿ ಆ ಪೋರ್ಟಿನ ಲೇಟೆನ್ಸಿ ಟೈಮರ್ ಎಂಬ ಕಡತಕ್ಕೆ 1 ಎಂದು ಬರೆಯಿರಿ. ರೀಬೂಟ್ ಆದರೆ ಹೋಗುತ್ತದೆ, ಆದ್ದರಿಂದ ಯುಡೆವ್ ನಿಯಮದಲ್ಲಿ ಹಾಕಿಡಿ.

ಕಚೇರಿಯಲ್ಲಿ ವಾರಗಟ್ಟಲೆ ಓಡಿದ್ದು ಸ್ಥಳದಲ್ಲಿ ದಿನಕ್ಕೆ ಹತ್ತು ಸಲ ಕಡಿದುಹೋಗುತ್ತದೆ.

ಒಂದು ಕಾರ್ಖಾನೆಯ ಕಂಪ್ರೆಸರ್ ಕೋಣೆಯಲ್ಲಿ ಇದನ್ನೇ ಹಿಡಿಯಲು ಲಾಗ್ ಮುಂದಿಟ್ಟುಕೊಂಡು ಸ್ಟೂಲ್ ಮೇಲೆ ಕುಳಿತಿದ್ದೆ. ಪರದೆಯ ಮೇಲೆ ‘ಯುಎಸ್‌ಬಿ ಡಿಸ್‌ಕನೆಕ್ಟ್’ ಬಂದಾಗಲೆಲ್ಲ ಬೆನ್ನ ಹಿಂದೆ ‘ಠಪ್’ ಎಂಬ ಸದ್ದು. ಮೂರನೇ ಸಲಕ್ಕೆ ಹೊಳೆಯಿತು: ಗಾಳಿಯ ಒತ್ತಡ ಇಳಿದಾಗ ಕಂಪ್ರೆಸರಿನ ಕಾಂಟಾಕ್ಟರ್ (ಕಾಯಿಲಿನಿಂದ ನಡೆಯುವ ದೊಡ್ಡ ಸ್ವಿಚ್) ಎಳೆದುಕೊಳ್ಳುವ ಸದ್ದದು. ಕಾಯಿಲಿನಿಂದ ಹಾರುವ ವಿದ್ಯುತ್ ಗದ್ದಲ ನೆಲದ ತಂತಿಯ ಮೂಲಕ ಯುಎಸ್‌ಬಿಗೆ ನುಗ್ಗುತ್ತಿತ್ತು. ಹಬ್ ಗಾಬರಿಯಾಗಿ ಪೋರ್ಟ್ ಮುಚ್ಚುತ್ತಿತ್ತು. ತಂತ್ರಾಂಶದಿಂದ ಇದಕ್ಕೆ ಮದ್ದಿಲ್ಲ. ಕಾಂಟಾಕ್ಟರ್ ಕಾಯಿಲಿಗೆ ಆ ಗದ್ದಲ ಹೀರುವ ಸ್ನಬ್ಬರ್ ಹಾಕಿಸಿದೆವು, ಎರಡು ಮೀಟರ್ ಯುಎಸ್‌ಬಿ ಕೇಬಲ್ ತೆಗೆದು ಗೇಣುದ್ದದ್ದು ಹಾಕಿ ಗದ್ದಲ ತಡೆಯುವ ಫೆರೈಟ್ ಉಂಗುರ ತೊಡಿಸಿದೆವು, ಅಡಾಪ್ಟರನ್ನು ಐಸೊಲೇಷನ್ (ಎರಡು ಬದಿಗಳ ನಡುವೆ ವಿದ್ಯುತ್ ಸಂಪರ್ಕವಿಲ್ಲದಿರುವುದು) ಇರುವ ಆರ್‌ಎಸ್-485ಕ್ಕೆ ಬದಲಿಸಿದೆವು. ಮೂರರಲ್ಲಿ ಕೆಲಸ ಮಾಡಿದ್ದು ಯಾವುದೆಂದು ಬಿಡಿಸಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಉದ್ದ ಬೇಕಿದ್ದರೆ ಆರ್‌ಎಸ್-485ರ ಕಡೆ ಉದ್ದ ಮಾಡಿ, ಯುಎಸ್‌ಬಿ ಕಡೆ ಬೇಡ.

ಕಡಿದು ಮತ್ತೆ ಸೇರಿದಾಗ ಟಿಟಿವೈಯುಎಸ್‌ಬಿ1 ಆಗಿಬಿಡುತ್ತದೆ.

ನಿಮ್ಮ ಪ್ರೋಗ್ರಾಮ್ ಸತ್ತ ಪೋರ್ಟನ್ನು ಇನ್ನೂ ಹಿಡಿದುಕೊಂಡಿದೆ. ಅದು ಬಿಡುವವರೆಗೆ 0 ಖಾಲಿಯಾಗುವುದಿಲ್ಲ, ಹೊಸಬನಿಗೆ 1 ಸಿಗುತ್ತದೆ. ರೀಡ್ ಕರೆ ದೋಷ ಕೊಟ್ಟೊಡನೆ ಅಥವಾ ಕಾದು ಕೂರುವ ಬದಲು ಸೊನ್ನೆ ಬೈಟ್ ಕೊಡಲು ಶುರುಮಾಡಿದೊಡನೆ ಮುಚ್ಚಿ, ಸ್ವಲ್ಪ ತಡೆದು, ಮತ್ತೆ ತೆರೆಯುವಂತೆ ಬರೆಯಿರಿ.

ಸಂಖ್ಯೆಯನ್ನು ಅವಲಂಬಿಸುವುದನ್ನೇ ಬಿಡುವುದು ಇನ್ನೂ ಒಳ್ಳೆಯದು. ಯುಡೆವ್ ಇರುವ ವ್ಯವಸ್ಥೆಯಲ್ಲಿ ಡೆವ್ ಒಳಗಿನ ಸೀರಿಯಲ್ ಕಡತಕೋಶದಲ್ಲಿ ಬೈ-ಐಡಿ, ಬೈ-ಪಾತ್ ಎಂಬ ಎರಡು ದಾರಿಗಳಿವೆ. ಮೊದಲನೆಯದು ಚಿಪ್‌ನ ಸರಣಿ ಸಂಖ್ಯೆಯ ಮೇಲೆ, ಎರಡನೆಯದು ಸಿಕ್ಕಿಸಿದ ರಂಧ್ರದ ಮೇಲೆ ನಿಲ್ಲುತ್ತದೆ. ಸಿಎಚ್340ಕ್ಕೆ ಸಾಮಾನ್ಯವಾಗಿ ಸರಣಿ ಸಂಖ್ಯೆಯೇ ಇಲ್ಲ. ಅಗ್ಗದ ಸಿಪಿ2102ಗಳಿಗೆ ಎಲ್ಲಕ್ಕೂ 0001 ಎಂಬ ಒಂದೇ ಸಂಖ್ಯೆ, ಒಂದೇ ಹೆಸರಿನ ಅವಳಿಗಳಂತೆ. ಇಂಥ ಎರಡು ಅಡಾಪ್ಟರ್ ಹಾಕಿದ್ದರೆ ಬೈ-ಪಾತ್ ಬಳಸಿ, ರಂಧ್ರದ ಪಕ್ಕ ಮಾರ್ಕರ್‌ನಿಂದ ‘ಮೀಟರ್’, ‘ತಕ್ಕಡಿ’ ಎಂದು ಬರೆದಿಡಿ. ನೆಲ ಒರೆಸುವವರು ಕಿತ್ತು ಸಿಕ್ಕಿಸಿದರೂ ಸರಿಯಾದ ಜಾಗಕ್ಕೇ ಹೋಗುತ್ತದೆ.

ಬೋರ್ಡ್ ನೂರಾರು ಕಿಲೋಮೀಟರ್ ದೂರದಲ್ಲಿದೆ, ಅಡಾಪ್ಟರ್ ಹೆಪ್ಪುಗಟ್ಟಿದೆ. ಕಿತ್ತು ಸಿಕ್ಕಿಸಲು ಅಲ್ಲಿ ಯಾರೂ ಇಲ್ಲ.

ಸಿಸ್ ಕಡತವ್ಯವಸ್ಥೆಯಲ್ಲಿ ಆ ಯುಎಸ್‌ಬಿ ಸಾಧನದ ಕಡತಕೋಶದೊಳಗೆ ಆಥರೈಸ್ಡ್ ಎಂಬ ಕಡತವಿದೆ. ಅದಕ್ಕೆ 0 ಬರೆದು, ಎರಡು ಸೆಕೆಂಡ್ ಬಿಟ್ಟು 1 ಬರೆದರೆ ಕರ್ನೆಲ್ ಮಟ್ಟಿಗೆ ಸಾಧನವನ್ನು ಹೊಸದಾಗಿ ಸೇರಿಸಿದಂತೆ. ವಿದ್ಯುತ್ ಮಾತ್ರ ಕಡಿಯುವುದಿಲ್ಲ. ಚಿಪ್ ಒಳಗೇ ಸಿಕ್ಕಿಹಾಕಿಕೊಂಡಿದ್ದರೆ ವಿದ್ಯುತ್ತನ್ನೇ ಆರಿಸಬೇಕು. ಪ್ರತಿ ಪೋರ್ಟಿನ ವಿದ್ಯುತ್ತನ್ನು ಬೇರೆಯಾಗಿ ಆರಿಸಬಲ್ಲ ಹಬ್ ಇದ್ದರೆ ಯುಹಬ್‌ಸಿಟಿಎಲ್ ಎಂಬ ಉಪಕರಣ ಅದನ್ನು ಮಾಡುತ್ತದೆ. ಅಂತಹ ಹಬ್ ಇಲ್ಲವೆಂದರೆ ರಾತ್ರಿ ಬಸ್ಸಿಗೆ ಟಿಕೆಟ್ ಕಾಯ್ದಿರಿಸಿ, ಚೀಲದಲ್ಲಿ ಇನ್ನೊಂದು ಅಡಾಪ್ಟರ್ ಮತ್ತು ಒಂದು ಪೇಪರ್ ಕ್ಲಿಪ್ ಹಾಕಿಕೊಳ್ಳಿ.